ಪ್ರೊಗ್ರೆಸಿವ್ ಟೂಲಿಗೆ ಪವರ್ ಪ್ರೆಸ್ ಆರಿಸುವ ಬಗೆ: ಪಟ್ಟಿ ಲೇಔಟಿನಿಂದ ಟ್ರಯಲ್ ತನಕ

ಬೆಳಗಾವಿಯ ಉದ್ಯಮಬಾಗ, ಮಚ್ಛೆ, ಕಾಕತಿ, ಹೊನಗಾ ಕಡೆಯ ಶೆಡ್ಡುಗಳಲ್ಲಿ ಪ್ರೆಸ್ ಕೊಳ್ಳುವ ಮಾತು ಬಂದರೆ ಮೊದಲು ಬರುವ ಪ್ರಶ್ನೆ ‘ಎಷ್ಟು ಟನ್ನಿಂದು?’ ಒಂದು ಹೊಡೆತಕ್ಕೆ ಒಂದೇ ಕೆಲಸ ಮಾಡುವ ಸಾದಾ ಡೈಗೆ ಅಲ್ಲಿಂದ ಶುರು ಮಾಡಿದರೂ ನಡೆಯುತ್ತದೆ. ಪ್ರೊಗ್ರೆಸಿವ್ ಟೂಲಿಗೆ ಅದು ಸಾಲದು. ಇಲ್ಲಿ ಶೀಟಿನ ಉದ್ದ ಪಟ್ಟಿ ಹೊಡೆತಕ್ಕೊಂದು ಹೆಜ್ಜೆಯಂತೆ ಟೂಲಿನ ಸಾಲು ಸ್ಟೇಶನ್ನುಗಳ ಮೂಲಕ ಸರಿಯುತ್ತದೆ. ಒಂದೇ ಹೊಡೆತದಲ್ಲಿ ಒಂದು ಸ್ಟೇಶನ್ ತೂತು ಹಾಕುತ್ತದೆ, ಇನ್ನೊಂದು ಅಂಚು ಕತ್ತರಿಸುತ್ತದೆ, ಮತ್ತೊಂದು ಬಗ್ಗಿಸುತ್ತದೆ, ಕೊನೆಯದು ಪೀಸನ್ನು ಬೇರೆ ಮಾಡುತ್ತದೆ. ಮೇಲಿಂದ ಇಳಿದು ಕತ್ತರಿಸುವ ಎಲ್ಲ ಪಂಚುಗಳೂ ಕೆಳಗಿನ ಅಚ್ಚಿನಲ್ಲಿರುವ ತಮ್ಮ ತಮ್ಮ ಡೈ ತೂತಿನ ನಟ್ಟನಡುವೆ ಇಳಿಯಬೇಕು. ಪ್ರೆಸ್ ಸ್ವಲ್ಪ ಓರೆ ಹೊಡೆದರೆ ಟನ್ ಎಷ್ಟಿದ್ದರೂ ಟೂಲ್ ಉಳಿಯುವುದಿಲ್ಲ. ಹಾಗಾಗಿ ಮೊದಲು ಟೂಲಿನ ಲೇಔಟ್, ಆಮೇಲೆ ಫ್ರೇಮ್ ಮತ್ತು ಕ್ಲಚ್, ಅದಾದ ಮೇಲೆ ಅಳತೆ ಎಂಬ ಕ್ರಮದಲ್ಲಿ ಹೋಗಬೇಕು. ಟನ್ ಲೆಕ್ಕ ಅದರ ಜೊತೆಗೇ ತಾನಾಗಿ ಹೊರಬರುತ್ತದೆ.

1. ಪಟ್ಟಿ ಲೇಔಟ್ ಕೈಯಲ್ಲಿರಲಿ

ಟೂಲ್ ರೂಮಿನವರಿಂದ ಪಟ್ಟಿಯ ಲೇಔಟ್ ಡ್ರಾಯಿಂಗ್ ಬರುವ ತನಕ ಪ್ರೆಸ್ಸಿಗೆ ಅಡ್ವಾನ್ಸ್ ಕೊಡಬೇಡಿ. ಆ ಡ್ರಾಯಿಂಗಿನಲ್ಲಿ ಆರು ಸಂಗತಿ ಸ್ಪಷ್ಟವಾಗಿರಬೇಕು: ಶೀಟಿನ ದಪ್ಪ ಮತ್ತು ಜಾತಿ, ಪಟ್ಟಿಯ ಅಗಲ, ಪಿಚ್ (ಹೊಡೆತಕ್ಕೊಮ್ಮೆ ಪಟ್ಟಿ ಸರಿಯುವ ದೂರ), ಸ್ಟೇಶನ್ ಎಷ್ಟು, ಪ್ರತಿ ಸ್ಟೇಶನ್ನಿನ ಕತ್ತರಿಸುವ ಸುತ್ತಳತೆ, ಮತ್ತು ಬೆಂಡ್ ಮೇಲಕ್ಕೋ ಕೆಳಕ್ಕೋ ಎಂಬುದು.

ಮುಂದಿನ ಲೆಕ್ಕಗಳಿಗೆಲ್ಲ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. 1.6 ಮಿ.ಮೀ. ಸಿ.ಆರ್.ಸಿ.ಎ. (ತಣ್ಣಗೆ ಉರುಳಿಸಿ ಹದಮಾಡಿದ ಮೈಲ್ಡ್ ಸ್ಟೀಲ್) ಶೀಟಿನ ಸಣ್ಣ ಬ್ರ್ಯಾಕೆಟ್. ಬಿಚ್ಚಿಟ್ಟ ಅಳತೆ 60 × 25 ಮಿ.ಮೀ., ಎರಡು ತೂತು, ಒಂದು 90 ಡಿಗ್ರಿ ಬೆಂಡ್. ಪಟ್ಟಿಯ ಅಗಲ 68, ಪಿಚ್ 28, ಅಂದರೆ ಎರಡು ಪೀಸಿನ ನಡುವೆ 3 ಮಿ.ಮೀ. ಬಿಟ್ಟಿದೆ. ದಪ್ಪದ ಒಂದೂವರೆಯಿಂದ ಎರಡು ಪಟ್ಟು ಬಿಡಬೇಕು. ಅದಕ್ಕಿಂತ ಕಡಿಮೆ ಬಿಟ್ಟರೆ ಆ ಎಳೆ ತಿರುಚಿಕೊಂಡು ಡೈ ಒಳಗೆ ಸಿಕ್ಕಿಬೀಳುತ್ತದೆ.

ಸ್ಟೇಶನ್ ಏಳು. ಮೊದಲನೆಯದರಲ್ಲಿ 5 ಮಿ.ಮೀ. ಪೈಲಟ್ ತೂತು (ಮುಂದೆ ಪೈಲಟ್ ಪಿನ್ನು ಇಳಿದು ಪಟ್ಟಿಯನ್ನು ಸರಿ ಜಾಗಕ್ಕೆ ತರುವ ತೂತು) ಎರಡು, ಎರಡನೆಯದರಲ್ಲಿ 8.5 ಮಿ.ಮೀ. ತೂತು ಎರಡು, ಮೂರು ಮತ್ತು ನಾಲ್ಕರಲ್ಲಿ ನಾಚಿಂಗ್ (ಅಂಚು ಕತ್ತರಿಸುವುದು), ಐದು ಖಾಲಿ, ಆರರಲ್ಲಿ ಬೆಂಡ್, ಏಳರಲ್ಲಿ ಕಟ್-ಆಫ್. ಖಾಲಿ ಸ್ಟೇಶನ್ ದಂಡ ಎಂದು ತೆಗೆಸುವವರಿದ್ದಾರೆ, ತೆಗೆಸಬೇಡಿ. ಅದರಿಂದ ಡೈ ಪ್ಲೇಟಿಗೆ ಬಲ ಬರುತ್ತದೆ. ಮುಂದೆ ಡ್ರಾಯಿಂಗ್ ಬದಲಾಗಿ ಇನ್ನೊಂದು ತೂತು ಸೇರಿದರೆ ಅದಕ್ಕೆ ಜಾಗವೂ ಇರುತ್ತದೆ.

2. ಟನ್ ಲೆಕ್ಕ

ಸೂತ್ರ ಸರಳ: ಕತ್ತರಿಸುವ ಒಟ್ಟು ಸುತ್ತಳತೆ × ಶೀಟಿನ ದಪ್ಪ × ಶೀಟಿನ ಶಿಯರ್ ಬಲ (ಕತ್ತರಿಸಲು ಚದರ ಮಿ.ಮೀ.ಗೆ ಬೇಕಾದ ಬಲ). ಈ ಶೀಟಿಗೆ ಶಿಯರ್ ಬಲವನ್ನು ಚದರ ಮಿ.ಮೀ.ಗೆ 340 ನ್ಯೂಟನ್ ಹಿಡಿಯಬಹುದು. 304 ಸ್ಟೇನ್‌ಲೆಸ್ಸಿಗೆ 500ರ ಆಸುಪಾಸು ಹಿಡಿಯಿರಿ. ಇದೇ ಟೂಲಿನಲ್ಲಿ ನಾಳೆ ಸ್ಟೇನ್‌ಲೆಸ್ ಹೊಡೆಯುವ ಯೋಚನೆ ಇದ್ದರೆ ಇಂದೇ ಆ ಅಂಕಿಯಿಂದ ಲೆಕ್ಕ ಹಾಕಿ.

ಸುತ್ತಳತೆ ಹೀಗೆ: ಪೈಲಟ್ ತೂತುಗಳಿಗೆ 31.4, ದೊಡ್ಡ ತೂತುಗಳಿಗೆ 53.4, ನಾಚಿಂಗಿಗೆ 95 ಮತ್ತು 95, ಕಟ್-ಆಫಿಗೆ 25. ಒಟ್ಟು ಸುಮಾರು 300 ಮಿ.ಮೀ. ಇದನ್ನು 1.6ರಿಂದಲೂ 340ರಿಂದಲೂ ಗುಣಿಸಿದರೆ 1,63,200 ನ್ಯೂಟನ್. ಒಂದು ಟನ್ನಿಗೆ 9,810 ನ್ಯೂಟನ್ನಿನಂತೆ ಭಾಗಿಸಿದರೆ 16.6 ಟನ್.

ಬಹಳ ಜನ ಇಲ್ಲಿಗೆ ನಿಲ್ಲಿಸಿ ‘20 ಟನ್ ಸಾಕು’ ಅನ್ನುತ್ತಾರೆ. ಪಂಚಿನಿಂದ ಪಟ್ಟಿ ಬಿಡಿಸಲು ಸ್ಟ್ರಿಪ್ಪರಿಗೆ 15 ಪ್ರತಿಶತದಂತೆ 2.5 ಟನ್ ಬೇಕು. ಬೆಂಡಿಗೆ ಕಾಲು ಟನ್ನಿಗಿಂತ ತುಸು ಹೆಚ್ಚು. ಪಟ್ಟಿಯನ್ನು ಒತ್ತಿ ಹಿಡಿಯುವ ಪ್ಯಾಡಿನ ಸ್ಪ್ರಿಂಗುಗಳನ್ನು ಅದುಮಲು ಇನ್ನೊಂದು ಟನ್ ಸೇರಿಸಿ. ಹತ್ತಿರ ಹತ್ತಿರ 20.4 ಟನ್ ಆಯಿತು. ಪ್ರೊಗ್ರೆಸಿವ್ ಕೆಲಸಕ್ಕೆ ಪ್ರೆಸ್ಸಿನ ತಾಕತ್ತಿನ ಮೂರರಲ್ಲಿ ಎರಡು ಪಾಲು ದಾಟಬಾರದು. ಹಾಗೆ ನೋಡಿದರೆ 31 ಟನ್. ಮಾರುಕಟ್ಟೆಯಲ್ಲಿ 30 ಸಿಗುತ್ತದೆ, ಅದರ ಮೇಲಿನವು 40, 50. ನಮ್ಮ ಸಲಹೆ 50ರದು. ಕಾರಣ ಟನ್ ಸಾಲದು ಅಂತಲ್ಲ, ಫ್ರೇಮ್ ಬಾಗುತ್ತದೆ ಅಂತ. ಅದನ್ನು ನಾಲ್ಕನೆಯ ಹಂತದಲ್ಲಿ ನೋಡೋಣ.

ತಾಕತ್ತು ಕಡಿಮೆ ಮಾಡುವ ಒಂದು ಉಪಾಯ ಟೂಲಿನಲ್ಲೇ ಇದೆ: ಪಂಚುಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಶೀಟಿನ ದಪ್ಪದಷ್ಟು ಗಿಡ್ಡ ಇಡುವುದು. ಆಗ 300 ಮಿ.ಮೀ. ಒಮ್ಮೆಲೇ ಕತ್ತರಿಸುವ ಬದಲು ಎರಡು ಕಂತಿನಲ್ಲಿ ಕತ್ತರಿಸುತ್ತದೆ. ಸದ್ದೂ ಇಳಿಯುತ್ತದೆ. ಸಣ್ಣ ವ್ಯಾಸದ ಪಂಚುಗಳನ್ನೇ ಗಿಡ್ಡ ಇಡಿ. ದೊಡ್ಡವು ಮೊದಲು ಕತ್ತರಿಸಿ ಪಟ್ಟಿ ನಿಂತ ಮೇಲೆ ಸಣ್ಣವು ಇಳಿದರೆ ಅವು ಮುರಿಯುವುದು ಕಡಿಮೆ.

3. ಬರೆದ ಟನ್ ಎಲ್ಲಿ ಸಿಗುತ್ತದೆ

ಕ್ರ್ಯಾಂಕ್ ಪ್ರೆಸ್ಸಿನ ಪ್ಲೇಟಿನ ಮೇಲೆ 50 ಟನ್ ಎಂದಿದ್ದರೆ ಅದು ಸ್ಟ್ರೋಕಿನ (ಮೇಲ್ತುದಿಯಿಂದ ಕೆಳತುದಿಗೆ ಬರುವ ಓಟದ) ಕೆಳತುದಿಯ ಹತ್ತಿರ ಮಾತ್ರ ಸಿಗುವ ಬಲ. ಮಾರುವವರನ್ನು ಕೇಳಿ: ಕೆಳತುದಿಗಿಂತ ಎಷ್ಟು ಮಿ.ಮೀ. ಮೇಲೆ ಪೂರ್ತಿ ಟನ್ ಸಿಗುತ್ತದೆ? 80 ಮಿ.ಮೀ. ಸ್ಟ್ರೋಕಿನ ಪ್ರೆಸ್ಸಿಗೆ ‘3 ಮಿ.ಮೀ. ಮೇಲೆ’ ಎಂದು ಉತ್ತರ ಬಂದರೆ, ಸ್ಟ್ರೋಕಿನ ನಡುವಿನಲ್ಲಿ ಸಿಗುವುದು ಅದರ 38 ಪ್ರತಿಶತ, ಅಂದರೆ 19 ಟನ್ ಅಷ್ಟೆ. ನಮ್ಮ ಬ್ರ್ಯಾಕೆಟ್ ಕತ್ತರಿಸುವುದು ಕೆಳತುದಿಯಲ್ಲೇ ಆದ್ದರಿಂದ ತೊಂದರೆ ಇಲ್ಲ. ಎತ್ತರದ ಕಪ್ ಡ್ರಾ ಮಾಡುವ ಸ್ಟೇಶನ್ ಟೂಲಿನಲ್ಲಿದ್ದರೆ ಈ ಲೆಕ್ಕವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಸ್ಟ್ರೋಕ್ ಉದ್ದ ಆದಷ್ಟು ಒಳ್ಳೆಯದು ಎಂಬ ಭಾವನೆ ತಪ್ಪು. ಅದೇ ವೇಗದಲ್ಲಿ ತಿರುಗುವಾಗ ಉದ್ದ ಸ್ಟ್ರೋಕಿನ ಪ್ರೆಸ್ ಶೀಟಿಗೆ ಜೋರಾಗಿ ಬಡಿಯುತ್ತದೆ, ಪಂಚಿನ ಮೊನೆ ಬೇಗ ಹೋಗುತ್ತದೆ. ಬೇಕಾದದ್ದು ಇಷ್ಟೇ: ಪಟ್ಟಿ ಮುಂದೆ ಸರಿಯುವ ಹೊತ್ತಿಗೆ ಪೈಲಟ್, ಪಂಚು ಎಲ್ಲವೂ ಪಟ್ಟಿಯಿಂದ ಮೇಲೆ ಬಂದಿರಬೇಕು. ಕೆಳಮುಖ ಬೆಂಡ್ ಇದ್ದರೆ ಬೆಂಡಿನ ಕಾಲಿನಷ್ಟು ಎತ್ತರಕ್ಕೆ ಲಿಫ್ಟರುಗಳು ಪಟ್ಟಿಯನ್ನು ಎತ್ತಬೇಕು, ಅದನ್ನೂ ಸೇರಿಸಿ. ಫೀಡಿಂಗ್ ಅರ್ಧ ಸ್ಟ್ರೋಕಿನ ಎತ್ತರದಲ್ಲಿ ಶುರುವಾಗುವುದರಿಂದ 80ರ ಸ್ಟ್ರೋಕಿನಲ್ಲಿ ನಿಮಗೆ ಸಿಗುವುದು 40 ಮಿ.ಮೀ. 18 ಮಿ.ಮೀ. ಕಾಲಿನ ಬೆಂಡಿಗೆ ಅಷ್ಟು ಸಾಕು. ಸ್ಟ್ರೋಕ್ ಹೊಂದಿಸಬಹುದಾದ ಎಕ್ಸೆಂಟ್ರಿಕ್ ಪ್ರೆಸ್ ಸಿಕ್ಕರೆ ಬೆಂಡ್ ಇಲ್ಲದ ಜಾಬುಗಳಿಗೆ ಸ್ಟ್ರೋಕ್ ಇಳಿಸಿಕೊಂಡು ಟೂಲಿನ ಆಯುಷ್ಯ ಹೆಚ್ಚಿಸಬಹುದು.

ಮೋಟರಿಗೆ ವಿ.ಎಫ್.ಡಿ. (ಮೋಟರಿನ ವೇಗ ಬದಲಿಸುವ ಸಾಧನ) ಹಾಕಿ ವೇಗ ಇಳಿಸಿ ಹೊಡೆಯುವ ರೂಢಿ ಹೆಚ್ಚಿದೆ. ಹೊಡೆತಕ್ಕೆ ಶಕ್ತಿ ಕೂಡಿಡುವ ಭಾರದ ಚಕ್ರವೇ ಫ್ಲೈವೀಲು. ಅದರ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ವೇಗ ಅರ್ಧಕ್ಕೆ ಬಂದರೆ ಶಕ್ತಿ ಕಾಲುಪಾಲು. ತೆಳು ಶೀಟಿಗೆ ಇದು ತಿಳಿಯುವುದಿಲ್ಲ, 4 ಮಿ.ಮೀ. ಪಟ್ಟಿಗೆ ಮಾತ್ರ, ಮೇಲಿನ ಟೂಲನ್ನು ಹೊತ್ತು ಓಡಾಡುವ ರ‍್ಯಾಮ್ ಕೆಳಗೆ ಹೋಗಿ ಅಲ್ಲೇ ಕೂತುಬಿಡುತ್ತದೆ.

4. ಸಿ ಫ್ರೇಮೋ ಎಚ್ ಫ್ರೇಮೋ

ಸಿ ಟೈಪ್ ಪ್ರೆಸ್ಸಿನ ಬಾಯಿ ಎದುರಿಗೆ ತೆರೆದಿರುತ್ತದೆ. ಬಲ ಬಿದ್ದಾಗ ಆ ಬಾಯಿ ಸ್ವಲ್ಪ ಅಗಲವಾಗುತ್ತದೆ, ರ‍್ಯಾಮ್ ತುಸು ಓರೆಯಾಗುತ್ತದೆ. ಈಗ ಟೂಲಿನ ಸಂದನ್ನು ನೋಡಿ: 1.6 ಮಿ.ಮೀ. ಮೈಲ್ಡ್ ಸ್ಟೀಲಿಗೆ ಪಂಚ್ ಮತ್ತು ಡೈ ನಡುವೆ ಒಂದು ಬದಿಗೆ ದಪ್ಪದ 5–6 ಪ್ರತಿಶತ, ಅಂದರೆ 0.08ರಿಂದ 0.1 ಮಿ.ಮೀ. ರ‍್ಯಾಮ್ 0.05 ಓರೆಯಾದರೆ ಒಂದು ಬದಿಯ ಸಂದಿನಲ್ಲಿ ಅರ್ಧದಷ್ಟು ಹೋಯಿತು. ಪೀಸಿನ ಒಂದು ಅಂಚಿನಲ್ಲಿ ಮಾತ್ರ ಬರ್ (ಚೂಪಾದ ಸಿಬಿರು) ಬರುವುದು, ಪಂಚಿನ ಒಂದೇ ಬದಿ ಚಕ್ಕೆ ಏಳುವುದು ಇದರಿಂದಲೇ. ಟೂಲಿನ ಮೇಲಿನ, ಕೆಳಗಿನ ಭಾಗಗಳನ್ನು ನೇರ ಹಿಡಿಯುವ ಗೈಡ್ ಪಿಲ್ಲರ್ ಇದೆಯಲ್ಲ ಎನ್ನುವಂತಿಲ್ಲ. ಟೂಲಿನ ಪಿಲ್ಲರುಗಳು ಪ್ರೆಸ್ಸಿನ ಓರೆಯನ್ನು ತಿದ್ದಲಾರವು, ಅವೇ ಸವೆಯುತ್ತವೆ.

ಬಾಗುವಿಕೆ ಬಲಕ್ಕೆ ತಕ್ಕಂತೆ ಹೆಚ್ಚುತ್ತದೆ. 20 ಟನ್ ಕೆಲಸ 30 ಟನ್ ಪ್ರೆಸ್ಸಿನ ತಾಕತ್ತಿನ 67 ಪ್ರತಿಶತ, 50 ಟನ್ ಪ್ರೆಸ್ಸಿನ 40 ಪ್ರತಿಶತ. 50 ಹೇಳಿದ್ದು ಇದಕ್ಕೇ.

ಎಚ್ ಫ್ರೇಮಿನಲ್ಲಿ ಎರಡೂ ಬದಿ ಕಂಬ ಇರುವುದರಿಂದ ಹಿಗ್ಗಿದರೂ ನೇರವಾಗಿ ಹಿಗ್ಗುತ್ತದೆ, ಓರೆಯಾಗುವುದಿಲ್ಲ. ಟೂಲ್ 500 ಮಿ.ಮೀ. ದಾಟುವ ಉದ್ದವಿದ್ದರೆ, ಶೀಟ್ 0.5 ಮಿ.ಮೀ.ಗಿಂತ ತೆಳುವಾಗಿದ್ದು ಸಂದು ಕೂದಲೆಳೆಯಷ್ಟಿದ್ದರೆ, ಅಥವಾ ಒಂದೇ ಜಾಬ್ ಎರಡು ಪಾಳಿ ವರ್ಷವಿಡೀ ಓಡುವುದಿದ್ದರೆ ಎಚ್ ಫ್ರೇಮಿಗೇ ಹೋಗಿ. ದಿನಕ್ಕೊಂದು ಡೈ ಬದಲಿಸುವ ಜಾಬ್ ಶಾಪಿಗೆ, ಮೂರು ಬದಿಯಿಂದ ಕೈಗೆ ಸಿಗುವ ಸಿ ಫ್ರೇಮ್ ಅನುಕೂಲ. ಬೀಡಿನ ಫ್ರೇಮ್ ಅದುರುವಿಕೆಯನ್ನು ಚೆನ್ನಾಗಿ ನುಂಗುತ್ತದೆ, ಆದರೆ ಓವರ್‌ಲೋಡಿಗೆ ಬಿರಿಯುತ್ತದೆ. ಸ್ಟೀಲ್ ಪ್ಲೇಟ್ ವೆಲ್ಡ್ ಮಾಡಿದ ಫ್ರೇಮಾದರೆ ಸ್ಟ್ರೆಸ್ ರಿಲೀವ್ (ಬಿಸಿಮಾಡಿ ಒಳಗಿನ ಸೆಳೆತ ಇಳಿಸುವುದು) ಮಾಡಿದ್ದಾರೆಯೇ ಎಂದು ಕೇಳಿ, ಮಾಡದಿದ್ದರೆ ಕಾಲಕ್ರಮೇಣ ಅಳತೆ ತಪ್ಪುತ್ತದೆ. ಹೈಡ್ರಾಲಿಕ್ ಪ್ರೆಸ್ ಈ ಕೆಲಸಕ್ಕೆ ಬೇಡ: ನಿಧಾನ, ಮತ್ತು ಶೀಟ್ ಕಡಿದ ಕ್ಷಣ ಬಲ ತಟ್ಟನೆ ಬಿಡುಗಡೆಯಾಗಿ ಬೀಳುವ ಹಿನ್ನೊಡೆತ ಅದರ ಸೀಲು, ಪೈಪುಗಳಿಗೆ ಒಳ್ಳೆಯದಲ್ಲ.

5. ಕ್ಲಚ್: ಇಲ್ಲಿ ಉಳಿತಾಯ ಮಾಡಬೇಡಿ

ತಿರುಗುವ ಫ್ಲೈವೀಲನ್ನು ಕ್ರ್ಯಾಂಕಿಗೆ ಜೋಡಿಸಿ ಹೊಡೆತ ಶುರು ಮಾಡುವುದು ಕ್ಲಚ್. ಪಿನ್ ಕ್ಲಚ್ ಅಥವಾ ಕೀ ಕ್ಲಚ್ ಪ್ರೆಸ್ ಅಗ್ಗ, ರಿಪೇರಿ ಎಲ್ಲ ಕಡೆ ಗೊತ್ತು. ಆದರೆ ಒಮ್ಮೆ ಪಿನ್ ಕಚ್ಚಿತೆಂದರೆ ಪೂರ್ತಿ ಒಂದು ಸುತ್ತು ಮುಗಿಯುವ ತನಕ ಯಾರಿಂದಲೂ ನಿಲ್ಲಿಸಲಾಗದು. ಪಟ್ಟಿ ಅರ್ಧ ಪಿಚ್ಚಿನಲ್ಲಿ ಸಿಕ್ಕಿಕೊಂಡಿರುವುದು ಕಣ್ಣಿಗೆ ಕಂಡರೂ ಹೊಡೆತ ಬಿದ್ದೇ ಬೀಳುತ್ತದೆ. ಕೈ ಒಳಗಿದ್ದರೂ ಬೀಳುತ್ತದೆ. ಪಿನ್ನು ಅಥವಾ ಸ್ಪ್ರಿಂಗ್ ಸವೆದರೆ ಪೆಡಲ್ ಒತ್ತದೆಯೇ ಎರಡನೆಯ ಹೊಡೆತ ಬರುತ್ತದೆ. ಪ್ರೆಸ್ ಶಾಪುಗಳಲ್ಲಿ ಬೆರಳು ಕಳೆದುಕೊಂಡವರ ಕೈ ನೋಡಿದವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಗಾಳಿಯ ಒತ್ತಡದಿಂದ ನಡೆಯುವ ನ್ಯುಮ್ಯಾಟಿಕ್ ಕ್ಲಚ್–ಬ್ರೇಕ್ ಇರುವ ಪ್ರೆಸ್ ಸ್ಟ್ರೋಕಿನ ಯಾವ ಜಾಗದಲ್ಲಾದರೂ ನಿಲ್ಲುತ್ತದೆ. ಲೈಟ್ ಕರ್ಟನ್ (ಕೈ ಅಡ್ಡ ಬಂದರೆ ಪ್ರೆಸ್ ನಿಲ್ಲಿಸುವ ಬೆಳಕಿನ ಪರದೆ) ಮತ್ತು ಪಟ್ಟಿ ತಪ್ಪಾಗಿ ಸರಿದದ್ದನ್ನು ಹಿಡಿಯುವ ಮಿಸ್‌ಫೀಡ್ ಸೆನ್ಸರ್ ಎರಡೂ ಇದರ ಮೇಲೆ ಮಾತ್ರ ಕೆಲಸ ಮಾಡುತ್ತವೆ. ಪಿನ್ ಕ್ಲಚ್ಚಿಗೆ ಲೈಟ್ ಕರ್ಟನ್ ಹಾಕಿ ‘ಸೇಫ್ಟಿ ಇದೆ’ ಎನ್ನುವುದು ಮೋಸ, ಸಿಗ್ನಲ್ ಬಂದರೂ ಪ್ರೆಸ್ ನಿಲ್ಲುವುದಿಲ್ಲ. ಪ್ರೊಗ್ರೆಸಿವ್ ಟೂಲನ್ನು ಕಂಟಿನ್ಯುಯಸ್ಸಾಗಿ ಓಡಿಸುವುದಿದ್ದರೆ ನ್ಯುಮ್ಯಾಟಿಕ್ಕೇ ಆಗಬೇಕು.

ಕೊಳ್ಳುವಾಗ ಕೇಳಬೇಕಾದ್ದು: ಕ್ಲಚ್ಚಿಗೆ ಡಬಲ್ ಸೊಲೆನಾಯ್ಡ್ ಸೇಫ್ಟಿ ವಾಲ್ವ್ ಇದೆಯೇ (ಒಂದು ಸಿಕ್ಕಿಕೊಂಡರೆ ಇನ್ನೊಂದು ಗಾಳಿ ಬಿಡಬೇಕು), ಎರಡು ಕೈ ಬಟನ್ ಇದೆಯೇ, ನಿಲ್ಲುವ ಸಮಯ ಎಷ್ಟು. ನಿಲ್ಲುವ ಸಮಯ ಗೊತ್ತಿಲ್ಲದೆ ಲೈಟ್ ಕರ್ಟನ್ ಎಲ್ಲಿ ಇಡಬೇಕೆಂಬುದು ತಿಳಿಯದು. ಕೈ ಸೆಕೆಂಡಿಗೆ 2,000 ಮಿ.ಮೀ. ಚಲಿಸುತ್ತದೆ ಎಂದು ಲೆಕ್ಕ. ಕರ್ಟನ್ ಮತ್ತು ಪ್ರೆಸ್ ಸೇರಿ ನಿಲ್ಲಲು 0.2 ಸೆಕೆಂಡ್ ತೆಗೆದುಕೊಂಡರೆ, 14 ಮಿ.ಮೀ. ರೆಸಲ್ಯೂಶನ್ನಿನ (ಅಷ್ಟು ಸಣ್ಣ ಅಡ್ಡಿಯನ್ನೂ ಗುರುತಿಸುವ) ಕರ್ಟನ್ ಡೈಯಿಂದ 400 ಮಿ.ಮೀ. ದೂರ ಇರಬೇಕು. ಬ್ರೇಕ್ ಲೈನಿಂಗ್ ಸವೆದಂತೆ ಸಮಯ ಹೆಚ್ಚುತ್ತದೆ. ಮೇಲ್ತುದಿಯಲ್ಲಿ ನಿಲ್ಲಬೇಕಾದ ರ‍್ಯಾಮ್ ದಾಟಿ ನಿಲ್ಲತೊಡಗಿದರೆ ಅದೇ ಸೂಚನೆ. ಕ್ಲಚ್ಚಿನ ಗಾಳಿ ಒಣಗಿರಬೇಕು. ಬೆಳಗಾವಿಯ ಮಳೆಗಾಲದಲ್ಲಿ ಕಂಪ್ರೆಸರ್ ಟ್ಯಾಂಕಿನ ನೀರನ್ನು ಪಾಳಿಗೊಮ್ಮೆ ಬಿಡದಿದ್ದರೆ ವಾಲ್ವ್ ತುಕ್ಕು ಹಿಡಿದು ಅಂಟುತ್ತದೆ.

ಮಿಸ್‌ಫೀಡ್ ಸೆನ್ಸರ್ ಎಂದರೆ ಸ್ಪ್ರಿಂಗಿನ ಮೇಲೆ ಕೂತ ಒಂದು ಪೈಲಟ್ ಪಿನ್ನು ಮತ್ತು ಒಂದು ಪ್ರಾಕ್ಸಿಮಿಟಿ ಸ್ವಿಚ್ಚು, ಅಷ್ಟೇ. ಪಿನ್ನಿಗೆ ತೂತು ಸಿಗದೆ ಮೇಲಕ್ಕೆ ತಳ್ಳಿದರೆ ಪ್ರೆಸ್ ನಿಲ್ಲುತ್ತದೆ. ಒಂದು ಸಲ ತಪ್ಪಿದ ಫೀಡಿನಿಂದ ಮುರಿಯುವ ಪಂಚುಗಳ ಬೆಲೆಗೆ ಹೋಲಿಸಿದರೆ ಇದರ ಖರ್ಚು ಏನೇನೂ ಅಲ್ಲ.

6. ಶಟ್ ಹೈಟ್, ಬೋಲ್ಸ್ಟರ್, ಬಲದ ನಡು

ರ‍್ಯಾಮ್ ಕೆಳತುದಿಯಲ್ಲಿದ್ದಾಗ ಅದರ ಕೆಳಗೆ ಟೂಲಿಗೆ ಸಿಗುವ ಎತ್ತರವೇ ಶಟ್ ಹೈಟ್. ಕ್ಯಾಟಲಾಗಿನಲ್ಲಿ ಗೊಂದಲ ಹೆಚ್ಚಾಗುವ ಜಾಗ ಇದು. ಕೆಲವರು ಬೆಡ್ಡಿನಿಂದ ರ‍್ಯಾಮ್ ತನಕದ ಅಳತೆ ಕೊಡುತ್ತಾರೆ, ಕೆಲವರು ಬೆಡ್ಡಿನ ಮೇಲೆ ಟೂಲ್ ಕೂರುವ ಬೋಲ್ಸ್ಟರ್ ಪ್ಲೇಟಿನ ಮೇಲಿಂದ. ಬೆಡ್ಡಿನಿಂದ 300, ಬೋಲ್ಸ್ಟರ್ 65 ದಪ್ಪ ಎಂದಿದ್ದರೆ ನಿಮಗೆ ಉಳಿಯುವುದು 235. ರ‍್ಯಾಮ್ ಸ್ಕ್ರೂ ಅಡ್ಜಸ್ಟ್‌ಮೆಂಟ್ 50 ಇದ್ದರೆ 185ರಿಂದ 235ರ ನಡುವಿನ ಎತ್ತರದ ಟೂಲ್ ಕೂರುತ್ತದೆ. ನಮ್ಮ ಟೂಲ್ 210 ಎತ್ತರ ಎಂದಿಟ್ಟುಕೊಂಡರೆ ಸರಿಹೊಂದಿತು. ಸಾಣೆ ಹಿಡಿದಂತೆ ಟೂಲ್ ಗಿಡ್ಡವಾಗುತ್ತದೆ, ಆದ್ದರಿಂದ ಕೆಳಗಿನ ಅಂಚಿಗೆ ತಾಗುವ ಟೂಲ್ ಬೇಡ. ಟೂಲ್ ಗಿಡ್ಡವಾದರೆ ಪ್ಯಾರಲಲ್ ಬ್ಲಾಕ್ ಇಡಬಹುದು, ಎತ್ತರವಾದರೆ ದಾರಿಯೇ ಇಲ್ಲ.

ಬೋಲ್ಸ್ಟರ್ ನಡುವಿನ ತೂತು ಎಷ್ಟು ಎಂದು ನೋಡಿ. ಏಳು ಸ್ಟೇಶನ್ನಿನ ಟೂಲಿನಲ್ಲಿ ಮೊದಲ ತೂತಿನಿಂದ ಕಟ್-ಆಫ್ ತನಕ 168 ಮಿ.ಮೀ. ಬೋಲ್ಸ್ಟರ್ ತೂತು 120 ಇದ್ದರೆ ತುದಿಯ ಸ್ಟೇಶನ್ನುಗಳ ಚೂರು ಬೀಳಲು ಜಾಗವಿಲ್ಲ. ಚೂರು ತುಂಬಿ ಗಟ್ಟಿಯಾದರೆ ಡೈ ಸೀಳುತ್ತದೆ. ಅಂಥ ಕಡೆ ಡೈ ಕೆಳಗೆ ಪ್ಯಾರಲಲ್ ಇಟ್ಟು, ಜಾರು ತಗಡು ಹಾಕಿ ಚೂರನ್ನು ಬದಿಗೆ ತೆಗೆಯಬೇಕು. ಆ ಎತ್ತರವನ್ನೂ ಶಟ್ ಹೈಟಿನಲ್ಲಿ ಕಳೆಯಿರಿ.

ಬಲದ ನಡು ಯಾರೂ ಲೆಕ್ಕ ಹಾಕುವುದಿಲ್ಲ, ಹಾಕಲೇಬೇಕು. ಮೊದಲ ಸ್ಟೇಶನ್ನನ್ನು ಸೊನ್ನೆ ಎಂದು ಹಿಡಿದು, ಪ್ರತಿ ಸ್ಟೇಶನ್ನಿನ ಸುತ್ತಳತೆಯನ್ನು ಅದರ ದೂರದಿಂದ ಗುಣಿಸಿ ಕೂಡಿ: 53.4 × 28, 95 × 56, 95 × 84, 25 × 168. ಒಟ್ಟು ಸುಮಾರು 19,000. 300ರಿಂದ ಭಾಗಿಸಿದರೆ 63 ಮಿ.ಮೀ. ಟೂಲಿನ ನಡು ಇರುವುದು 84ರಲ್ಲಿ. ಪಟ್ಟಿ ಎಡದಿಂದ ಬರುತ್ತಿದ್ದರೆ ಬಲ ಬೀಳುವ ಜಾಗ ನಡುವಿನಿಂದ 20 ಮಿ.ಮೀ. ಎಡಕ್ಕಿದೆ. ಟೂಲನ್ನು ಅಷ್ಟು ಬಲಗಡೆಗೆ ಸರಿಸಿ ಕಟ್ಟಿದರೆ ರ‍್ಯಾಮಿನ ನಡುವಿಗೆ ಬಲ ಬೀಳುತ್ತದೆ. ಶ್ಯಾಂಕನ್ನು (ಮೇಲಿನ ಟೂಲಿನ ಗೂಟ) ತೂತಿಗೆ ಸಿಕ್ಕಿಸಿ ಕಟ್ಟಿದ ಟೂಲನ್ನು ಸರಿಸಲಾಗದು. ರ‍್ಯಾಮಿನ ಮುಖಕ್ಕೆ ಟಿ-ಸ್ಲಾಟ್ ಇರುವ ಪ್ರೆಸ್ಸನ್ನೇ ಆರಿಸಿ.

7. ಫೀಡರ್

ಕೈಯಿಂದ 1,250 ಮಿ.ಮೀ. ಪಟ್ಟಿ ಕೊಟ್ಟರೆ ಒಂದು ಪಟ್ಟಿಗೆ 44 ಪೀಸು. ಪ್ರತಿ ಪಟ್ಟಿಯ ಶುರು, ಕೊನೆ ಎರಡೂ ಕಡೆ ಅರ್ಧ ಹೊಡೆತಗಳು, ಟೂಲಿಗೆ ಅವೇ ಹೆಚ್ಚು ಪೆಟ್ಟು. ಕಾಯಿಲಿಗೆ (ಸುರುಳಿ ಸುತ್ತಿದ ಪಟ್ಟಿಗೆ) ಹೋಗುವುದು ಮೇಲು. 68 × 1.6ರ ಪಟ್ಟಿ ಮೀಟರಿಗೆ 0.854 ಕೆ.ಜಿ., ಪೀಸಿಗೆ 24 ಗ್ರಾಂ. 200 ಕೆ.ಜಿ. ಕಾಯಿಲಿನಲ್ಲಿ 8,300ಕ್ಕೂ ಹೆಚ್ಚು ಪೀಸು ಬರುತ್ತವೆ. ನಿಮಿಷಕ್ಕೆ 45 ಹೊಡೆತ, 70 ಪ್ರತಿಶತ ಓಟ ಎಂದರೆ ಗಂಟೆಗೆ 1,890. ಅರ್ಧ ಪಾಳಿಗೊಂದು ಕಾಯಿಲು.

28 ಮಿ.ಮೀ. ಪಿಚ್ಚಿಗೆ ನ್ಯುಮ್ಯಾಟಿಕ್ ಫೀಡರ್ ಧಾರಾಳ ಸಾಕು. ಜಾಬ್ ಮೇಲಿಂದ ಮೇಲೆ ಬದಲಾಗುವುದಿದ್ದರೆ, ಪಿಚ್ 100 ದಾಟಿದರೆ ಸರ್ವೊ ರೋಲ್ ಫೀಡರ್ ನೋಡಿ. ಯಾವುದೇ ಇರಲಿ, ಪೈಲಟ್ ತೂತಿಗೆ ಇಳಿಯುವ ಕ್ಷಣದಲ್ಲಿ ಫೀಡರ್ ಪಟ್ಟಿಯನ್ನು ಬಿಡಬೇಕು. ಹಿಡಿದೇ ಇದ್ದರೆ ಪೈಲಟ್ ಪಟ್ಟಿಯನ್ನು ಎಳೆದು ಸರಿಮಾಡಲಾಗದು, ತೂತು ಉದ್ದವಾಗುತ್ತದೆ. 5 ಮಿ.ಮೀ. ತೂತಿಗೆ ಪೈಲಟ್ 4.96–4.98 ಇರಲಿ. ಪಟ್ಟಿ ನೆಟ್ಟಗೆ ಮಾಡುವ ಸ್ಟ್ರೇಟ್ನರ್ ಇಲ್ಲದೆ ಸುರುಳಿ ಬಿಚ್ಚುವ ಡಿಕಾಯ್ಲರ್ ಮಾತ್ರ ಕೊಂಡರೆ ಪಟ್ಟಿಯ ಬಾಗು ಹಾಗೇ ಡೈಗೆ ಬಂದು ಸಿಕ್ಕುತ್ತದೆ. ಸ್ಲಿಟಿಂಗ್ ಮಾಡಿಸಿದ ಕಾಯಿಲುಗಳನ್ನು ಜೂನ್‌ನಿಂದ ಸೆಪ್ಟೆಂಬರ್ ತನಕ ನೆಲಕ್ಕೆ ತಾಗಿಸದೆ, ಎಣ್ಣೆ ಸವರಿ ಇಡಿ. ತುಕ್ಕಿನ ಪುಡಿ ಪಂಚಿಗೆ ಸಾಣೆಕಲ್ಲಾಗುತ್ತದೆ.

8. ಹಳೆಯ ಪ್ರೆಸ್ ನೋಡುವಾಗ

ರಾಜಕೋಟ್, ಬಟಾಲಾ ಕಡೆಯಿಂದ ಬಂದ ಹಳೆಯ ಪ್ರೆಸ್ಸುಗಳು ಸಿಗುತ್ತವೆ. ಹೊಸ ಬಣ್ಣಕ್ಕೆ ಮರುಳಾಗದೆ ಈ ಕ್ರಮದಲ್ಲಿ ನೋಡಿ. ಮೇನ್ ಸ್ವಿಚ್ ಆಫ್ ಮಾಡಿ, ಫ್ಲೈವೀಲ್ ಪೂರ್ತಿ ನಿಂತ ಮೇಲೆ, ರ‍್ಯಾಮ್ ಕೆಳಗೆ ಸೇಫ್ಟಿ ಬ್ಲಾಕ್ ಇಟ್ಟೇ ಕೈ ಹಾಕಿ.

ಬೋಲ್ಸ್ಟರ್ ಮೇಲೆ ಡಯಲ್ ಸ್ಟ್ಯಾಂಡ್ ಇಟ್ಟು ರ‍್ಯಾಮಿನ ತಳವನ್ನು ನಾಲ್ಕು ಮೂಲೆಯಲ್ಲಿ ಅಳೆಯಿರಿ. 300 ಮಿ.ಮೀ.ಗೆ 0.05 ದಾಟಿದರೆ ಪ್ರೊಗ್ರೆಸಿವ್ ಕೆಲಸಕ್ಕೆ ಹಾಗೇ ತೆಗೆದುಕೊಳ್ಳಬೇಡಿ. ನಂತರ ಬ್ಲಾಕ್ ತೆಗೆದು, ರ‍್ಯಾಮ್ ಕೆಳಗೆ ಸಣ್ಣ ಹೈಡ್ರಾಲಿಕ್ ಜಾಕ್ ಇಟ್ಟು ಮೆಲ್ಲಗೆ ಎತ್ತಿ. ಡಯಲ್ ಎಷ್ಟು ಓಡಿತೋ ಅದು ಕ್ರ್ಯಾಂಕ್ ಬುಶ್, ಕ್ರ್ಯಾಂಕನ್ನು ರ‍್ಯಾಮಿಗೆ ಜೋಡಿಸುವ ಪಿಟ್‌ಮನ್, ಬಾಲ್ ಸ್ಕ್ರೂ ಮೂರರ ಒಟ್ಟು ಸಡಿಲು. 0.3–0.4 ಒಳಗಿದ್ದರೆ ನಡೆಯುತ್ತದೆ, ಅದಕ್ಕಿಂತ ಬಹಳ ಹೆಚ್ಚಿದ್ದರೆ ಬುಶ್ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಸಿ. ರ‍್ಯಾಮ್ ಜಾರುವ ಗಿಬ್ಬುಗಳ ಸಂದಿಗೆ ಫೀಲರ್ ಗೇಜ್ ಹಾಕಿ ಮೇಲೂ ಕೆಳಗೂ ನೋಡಿ. ಕೆಳಗೆ ಮಾತ್ರ ಹೆಚ್ಚಿದ್ದರೆ ಬಹುಕಾಲ ಓರೆ ಬಲಕ್ಕೆ ದುಡಿದ ಯಂತ್ರ ಅದು. ಸಿ ಫ್ರೇಮಿನ ಬಾಯಿಯ ಒಳಮೂಲೆಯಲ್ಲಿ ಬಣ್ಣ ಕೆರೆದು ಬಿರುಕು, ವೆಲ್ಡಿಂಗ್ ಗುರುತು ಹುಡುಕಿ. ಅಲ್ಲಿ ಬೆಸುಗೆ ಕಂಡರೆ ಬೆಲೆ ಎಷ್ಟೇ ಇಳಿಸಲಿ, ಬಿಟ್ಟು ಬನ್ನಿ.

ಓಡಿಸಿ ನೋಡುವಾಗ ಒಂದೊಂದೇ ಸ್ಟ್ರೋಕು ಐವತ್ತು ಸಲ ಹೊಡೆಸಿ. ಒಮ್ಮೆಯಾದರೂ ತಾನಾಗಿ ಎರಡನೆಯ ಹೊಡೆತ ಬಂದರೆ ಆ ಪ್ರೆಸ್ ಬೇಡ. ಆಮೇಲೆ ಅರ್ಧ ಗಂಟೆ ಕಂಟಿನ್ಯುಯಸ್ ಓಡಿಸಿ, ನಿಲ್ಲಿಸಿ ಬುಶ್ ಬಿಸಿಯಾಗಿದೆಯೇ ಎಂದು ಮುಟ್ಟಿ ನೋಡಿ.

9. ನೆಲ

ವಿಜಯಪುರ, ಬಾಗಲಕೋಟೆ ಕಡೆ ಶೆಡ್ ಹಾಕುವವರಿಗೆ ಇದು ಮುಖ್ಯ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ತೆಳು ಕಾಂಕ್ರೀಟ್ ಹಾಕಿ ನಿಲ್ಲಿಸಿದ ಪ್ರೆಸ್ ವರ್ಷದೊಳಗೆ ಲೆವೆಲ್ ತಪ್ಪುತ್ತದೆ. ಗಟ್ಟಿ ಮೊರಂ ಸಿಗುವ ತನಕ ಎರೆ ತೆಗೆದು, ಮೊರಂ ತುಂಬಿ ಅದುಮಿ, ಅದರ ಮೇಲೆ ಕಬ್ಬಿಣ ಕಟ್ಟಿದ ಕಾಂಕ್ರೀಟ್ ಬ್ಲಾಕ್ ಹಾಕಿ, ಶೆಡ್ಡಿನ ನೆಲಕ್ಕೂ ಅದಕ್ಕೂ ನಡುವೆ ಸಂದು ಬಿಡಿ. ವೈಬ್ರೇಶನ್ ಪ್ಯಾಡ್ ಮೇಲೆ ಕೂರಿಸಿದರೆ ಲೆವೆಲ್ ತಿದ್ದುವುದು ಸುಲಭ. ಮೊದಲ ವರ್ಷ ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ ಸ್ಪಿರಿಟ್ ಲೆವೆಲ್ ಇಟ್ಟು ನೋಡಿ.

10. ಟ್ರಯಲ್

ಟೂಲ್ ಕಟ್ಟಿದ ಮೇಲೆ ಮೊದಲ ಹೊಡೆತಗಳನ್ನು ಮೋಟರಿನಿಂದ ಹೊಡೆಯಬೇಡಿ. ಪವರ್ ಆಫ್ ಮಾಡಿ ಫ್ಲೈವೀಲನ್ನು ಸರಳಿನಿಂದ ತಿರುಗಿಸುತ್ತ ರ‍್ಯಾಮ್ ಇಳಿಸಿ, ಪಂಚ್ ಡೈಗೆ ಇಳಿಯುವುದನ್ನು ನೋಡಿ, ಸರಳನ್ನು ಮರೆಯದೆ ತೆಗೆಯಿರಿ. ಪಟ್ಟಿಯನ್ನು ಒಂದೊಂದೇ ಸ್ಟೇಶನ್ ಮುಂದೆ ಸರಿಸಿ, ಏಳೂ ಗುರುತು ಬಿದ್ದ ಪಟ್ಟಿಯನ್ನು ಹೊರಗೆ ತೆಗೆದು ಪಿಚ್ ಅಳೆಯಿರಿ. ಆ ಪಟ್ಟಿಯನ್ನು ಎಸೆಯದೆ ಟೂಲಿನ ಜೊತೆಗೇ ತೂಗುಹಾಕಿ, ಮುಂದೆ ಸೆಟಿಂಗ್ ಮಾಡುವವರಿಗೆ ಅದೇ ಡ್ರಾಯಿಂಗ್.

ಓಟದಲ್ಲಿ ಸುತ್ತಲೂ ಸಮನಾಗಿ ಬರ್ ಬಂದರೆ ಪಂಚಿನ ಮೊನೆ ಹೋಗಿದೆ, ಸಾಣೆ ಹಿಡಿಸಿ. ಒಂದೇ ಬದಿಗೆ ಬಂದರೆ ಸಾಣೆ ಹಿಡಿಸಿ ಪ್ರಯೋಜನವಿಲ್ಲ, ಟೂಲ್ ಕಟ್ಟಿದ್ದು ಅಥವಾ ರ‍್ಯಾಮ್ ಓರೆಯಾಗಿದೆ. ಚೂರು ಪಂಚಿಗಂಟಿ ಮೇಲೆ ಬರುತ್ತಿದ್ದರೆ ಪಂಚು ಡೈಯೊಳಗೆ ಇಳಿಯುವ ಆಳ ಸಾಲದು ಅಥವಾ ಎಣ್ಣೆ ಹೆಚ್ಚಾಗಿದೆ. ಬೆಂಡ್ ಕೋನ ಗಂಟೆಗಂಟೆಗೆ ಬದಲಾಗುತ್ತಿದ್ದರೆ ಮೊದಲು ರ‍್ಯಾಮ್ ಸ್ಕ್ರೂವಿನ ಲಾಕ್ ನಟ್ ನೋಡಿ, ಅದು ಸಡಿಲಾಗಿ ಶಟ್ ಹೈಟ್ ಇಳಿಯುತ್ತಿರುತ್ತದೆ. ಲಾಕ್ ಸರಿಯಿದ್ದೂ ಬದಲಾದರೆ ಕಾಯಿಲಿನ ದಪ್ಪವನ್ನು ಮೈಕ್ರೋಮೀಟರಿನಿಂದ ಆರಂಭ, ನಡು, ಕೊನೆ ಮೂರು ಕಡೆ ಅಳೆಯಿರಿ.